ಕಟಿಂಗ್ ವಾರದ ನಾಸಿಕ್ ಪ್ರವಾಸ

ನಮ್ಮ ಯಜಮಾನರು ರಾಗಿಮುದ್ದೆಯನ್ನು ಸಾರಿಗೆ ಅದ್ದುತ್ತಾ, ತಲೆ ಎತ್ತದೆ, "ನಾಸಿಕ್‌ಗೆ ಹೋಗ್ಬರಣ ಕಣೇ, ಒಂದ್ ನಾಲ್ಕು ದಿನ," ಅಂದರು. ಸಾರಿಗೆ ಉಪ್ಪು ಕಮ್ಮಿ ಅನ್ನುವ ದನಿಯಲ್ಲೇ ಅಂದರು. ನನಗೆ ಆ ಕ್ಷಣವೇ ಅನುಮಾನ ಬಂತು.

ಬರದೆ ಇನ್ನೇನು? ನಮ್ಮ ಕಡೆ ಸುಮ್ಮಸುಮ್ಮನೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಮದುವೆಗೆ ಹೋಗುತ್ತಾರೆ, ತಿಥಿಗೆ ಹೋಗುತ್ತಾರೆ, ಹರಕೆ ತೀರಿಸಲು ತಿರುಪತಿಗೆ ಹೋಗುತ್ತಾರೆ, ಕಾಯಿಲೆ ಬಿದ್ದರೆ ಬೆಂಗಳೂರಿಗೆ ಹೋಗುತ್ತಾರೆ. ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಸಿಕ್ಕವರೆಲ್ಲ "ಏನ್ ವಿಶೇಷ?" ಅನ್ನುತ್ತಾರೆ. ವಿಶೇಷವೇನೂ ಇಲ್ಲ ಅಂದರೆ ಮನೆಯಲ್ಲಿ ಏನೋ ಜಗಳವಾಗಿದೆ ಅಂದುಕೊಂಡು ಆ ಸಂಜೆಯೇ ಸಮಾಧಾನ ಹೇಳಲು ಬರುತ್ತಾರೆ. ಅಂಥದ್ದರಲ್ಲಿ ಈ ಮನುಷ್ಯ, ಗೌರಿಬಿದನೂರಿನಲ್ಲಿ ಸ್ವಂತ ತಂಗಿಯ ಗೃಹಪ್ರವೇಶಕ್ಕೆ ಹೋಗಿ, ಊಟದ ಎಲೆ ಎತ್ತುವ ಮೊದಲೇ "ತೋಟಕ್ಕೆ ನೀರು ಬಿಡ್ಬೇಕು" ಎಂದು ಎದ್ದು ಬಂದವರು, ನಾಸಿಕ್ ಅನ್ನುತ್ತಿದ್ದಾರೆ.

"ಅಲ್ಲೇನಿದೆ?" ಅಂದೆ.

"ಹಳೇ ಊರು ಕಣೇ. ಗೋದಾವರಿ ಇದೆ, ಪಂಚವಟಿ ಇದೆ. ದ್ರಾಕ್ಷಿ ತೋಟಗಳಿವೆಯಂತೆ. ಅಲ್ಲೇ ವೈನ್ ಮಾಡ್ತಾರೆ, ತೋರಿಸ್ತಾರೆ."

"ದ್ರಾಕ್ಷಿ ತೋಟ ನೋಡಕ್ಕೆ ನಾಸಿಕ್ ತನಕ ಹೋಗ್ಬೇಕಾ? ಹಿತ್ತಲ ಬಾಗಿಲು ತೆಗೆದ್ರೆ ಸಾಲ್ದಾ?"

ಅವರು ನಗಲಿಲ್ಲ. ಬೇರೆ ದಿನವಾಗಿದ್ದರೆ ಇಂಥ ಮಾತಿಗೆ ಗೊಳ್ಳನೆ ನಕ್ಕು ಸಾರು ಚೆಲ್ಲಿಕೊಳ್ಳುತ್ತಿದ್ದರು. "ಯಾವಾಗ?" ಎಂದು ಕೇಳಿದೆ. "ನಿಂಗೂ ಸ್ಕೂಲಿಗೆ ದಸರಾ ರಜೆ ಇರತ್ತಲ್ಲ, ಹಬ್ಬ ಆದ್ಮೇಲಿನ ವಾರ," ಅಂದರು. ನನ್ನ ಕೈಯ ಸೌಟು ಸಾರಿನ ಪಾತ್ರೆಗೇ ವಾಪಸು ಹೋಯಿತು.

ಯಾಕೆಂದು ಹೇಳುತ್ತೇನೆ. ನಮ್ಮದು ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಿಂದ ಒಳಗೆ ಸರಿದ ಊರು. ನಾನು ದಿನವೂ ಬಸ್ ಹತ್ತಿ ಮಂಚೇನಹಳ್ಳಿಯ ಶಾಲೆಗೆ ಪಾಠ ಹೇಳಲು ಹೋಗುವವಳು. ತೋಟ ಅವರದು, ಅಂದರೆ ದುಡಿಮೆ ಅವರದು, ಒಡೆತನದ ಜಂಬ ನನ್ನದು. ಬೆಂಗಳೂರು ಬ್ಲೂ ಬಳ್ಳಿಗಳು. ಕಪ್ಪು ಹಣ್ಣು, ದಪ್ಪ ಸಿಪ್ಪೆ, ಮಾಗುವ ಕಾಲಕ್ಕೆ ಮನೆಯ ಒಳಗೆಲ್ಲ ಅದರದೇ ಘಮ. ಈ ಬಳ್ಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಪ್ರತಿ ಬೆಳೆಗೂ ಮುಂಚೆ ಹಳೆಯ ಕಡ್ಡಿಗಳನ್ನೆಲ್ಲ ಕತ್ತರಿಸಬೇಕು. ಅದಕ್ಕೆ ನಾವು ಕಟಿಂಗ್ ಅನ್ನುತ್ತೇವೆ. ಕಟಿಂಗ್ ಆದರೆ ಚಿಗುರು, ಚಿಗುರಿದರೆ ಹೂವು, ಹೂವಾದರೆ ಗೊನೆ. ಆ ವಾರ ತಪ್ಪಿದರೆ ಬೆಳೆ ತಪ್ಪಿದಂತೆ. ಹಾಗಾಗಿ ನಮ್ಮ ಕಡೆ ದ್ರಾಕ್ಷಿಯವರು ಕಟಿಂಗ್ ವಾರದಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ, ಬೇರೆಯವರ ಮದುವೆಗೆ ಹೋಗುವುದೂ ಇಲ್ಲ. ದಸರಾ ಆದ ಮೇಲಿನ ವಾರ ನಮ್ಮ ತೋಟದ ಕಟಿಂಗ್ ವಾರ.

ಕಟಿಂಗ್ ವಾರದಲ್ಲಿ ಪ್ರವಾಸ ಹೊರಡುವ ರೈತನ ಮನಸ್ಸಿನಲ್ಲಿ ಒಂದೇ ವಿಷಯ ಇರಲು ಸಾಧ್ಯ. ತೋಟ ಕೀಳಿಸುವುದು. ನಮ್ಮ ಎಡಕ್ಕಿದ್ದ ತೋಟ ಹೀಗೇ ಹೋಗಿ ಸೈಟುಗಳಾಯಿತು. ಮೇಲಿನ ತೋಟ ಹೋಗಿ ಸೇವಂತಿಗೆ ಬಂತು. ಎರಡೂ ಕಡೆ ಮನೆಯ ಹೆಂಗಸರು ಯಾವುದೋ ನೆಂಟರ ಮನೆಗೆ ಹೋಗಿದ್ದಾಗ ಜೆಸಿಬಿ ಬಂದಿತ್ತು. ಅವರು ಅತ್ತು ರಂಪ ಮಾಡುತ್ತಾರೆ ಅಂತ ಗಂಡಸರ ಲೆಕ್ಕ. ನನ್ನನ್ನೂ ಊರಾಚೆ ಸಾಗಿಸಿ, ಗೋದಾವರಿಯಲ್ಲಿ ಮುಳುಗೇಳಿಸಿ, ವಾಪಸು ಬರುವಷ್ಟರಲ್ಲಿ ಬಯಲು ತೋರಿಸುವ ಹುನ್ನಾರ ಇದು ಅಂತ ನನಗೆ ಖಾತ್ರಿಯಾಯಿತು.

ಆ ಬಳ್ಳಿಗಳನ್ನು ನೆಟ್ಟದ್ದು ನಮ್ಮ ಮದುವೆಯಾದ ವರ್ಷ. ಗುಂಡಿಗೆ ಗೊಬ್ಬರ ಹಾಕುತ್ತಾ ಹಾಕುತ್ತಾ ನಾವಿಬ್ಬರೂ ಮೊದಲ ಸಲ ಜಗಳವಾಡಿದ್ದು ಅಲ್ಲೇ, ರಾಜಿಯಾದದ್ದೂ ಅಲ್ಲೇ. ಮಗಳನ್ನು ಚಪ್ಪರದ ಕಲ್ಲುಕಂಬಗಳ ನಡುವೆ ಸೀರೆ ಕಟ್ಟಿ ತೂಗಿದ್ದೇನೆ. ಮಾವ ತೀರಿಕೊಂಡಾಗ ಯಾರ ಕಣ್ಣಿಗೂ ಬೀಳದೆ ಇವರು ಅತ್ತದ್ದು ಆ ಸಾಲುಗಳ ನಡುವೆ. ಅದನ್ನು ಕಿತ್ತು ಎಸೆಯುತ್ತಾರಂತೆ, ನನಗೆ ಹೇಳದೆ! ನೋಡೇ ಬಿಡೋಣ ಅಂದುಕೊಂಡೆ. ಬಾಯಿ ಬಿಡಲಿಲ್ಲ. "ಆಗ್ಲಿ ಬಿಡಿ, ಹೋಗಣ," ಎಂದು ಇನ್ನೊಂದು ಸೌಟು ಸಾರು ಬಡಿಸಿದೆ.

ಮರುದಿನದಿಂದ ನನ್ನ ಪತ್ತೇದಾರಿ ಶುರುವಾಯಿತು. ಮೊದಲು ಮಗಳಿಗೆ ಫೋನು. ಅವಳು ಚಿಕ್ಕಬಳ್ಳಾಪುರದಲ್ಲಿ ಗಂಡನ ಜೊತೆ ಇದ್ದಾಳೆ, ಅಲ್ಲೇ ಒಂದು ಕಚೇರಿಯಲ್ಲಿ ಕೆಲಸ. ನಾನು ಬಾಯಿ ತೆರೆಯುವ ಮೊದಲೇ "ಅಮ್ಮಾ, ರೂಮ್ ನೋಡಿದ್ದೀನಿ ಕಣಮ್ಮಾ! ತೋಟದ ಮಧ್ಯಾನೇ ಇದೆ. ಬೆಳಗ್ಗೆ ಎದ್ದು ಕಿಟಕಿ ತೆಗೆದ್ರೆ ಬರೀ ದ್ರಾಕ್ಷಿ ಬಳ್ಳಿ!" ಅಂದಳು.

"ನಂಗೆ ದಿನಾ ಅದೇ ಕಾಣ್ಸೋದು. ಅದಕ್ಕೆ ದುಡ್ಡು ಬೇರೆ ಕೊಡ್ಬೇಕಾ?"

"ಅಲ್ಲಿ ಬೇರೆ ಥರ ಇರತ್ತಮ್ಮಾ. ಟಬ್ ಒಳಗೆ ಹಣ್ಣು ಹಾಕಿ ಕಾಲಲ್ಲಿ ತುಳಿಯಕ್ಕೆ ಬಿಡ್ತಾರಂತೆ. ನಾನೂ ಬರ್ತೀನಲ್ಲ, ಫೋಟೋ ಚೆನ್ನಾಗ್ ಬರತ್ತೆ."

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆಗೆ ಇದು ಕೇಳಿಸಿತು. ಅತ್ತೆಯ ತವರು ಚಿಂತಾಮಣಿ ಕಡೆ. ಸಿಟ್ಟು ಬಂದರೆ ತೆಲುಗು ತಾನಾಗಿ ಬರುತ್ತದೆ. "ಅಯ್ಯೋ ದೇವುಡಾ! ಕಾಲಲ್ಲಿ ತುಳಿದಿದ್ನ ಕುಡೀತಾರೇನೇ? ಛೀ!" ಅಂದರು. ವೈನ್ ಫ್ಯಾಕ್ಟರಿಯ ಲಾರಿ ಬಂದು ನಮ್ಮ ಹಣ್ಣು ತುಂಬಿಕೊಂಡು ಹೋಗುವಾಗಲೂ ಅವರಿಗೆ ಇದೇ ಸಂಕಟ. ಹೆಂಡಕ್ಕೆ ಹೋಗುವ ಹಣ್ಣು ಅಂತ ಮೊದಲ ಗೊನೆಯನ್ನು ದೇವರ ಮುಂದಿಟ್ಟು ಕೆನ್ನೆಗೆ ತಟ್ಟಿಕೊಳ್ಳುತ್ತಿದ್ದರು.

"ನೀವೂ ಬನ್ನಿ ಅತ್ತೆ. ಪಂಚವಟಿ ನೋಡ್ಬೇಕು, ತ್ರ್ಯಂಬಕೇಶ್ವರನ್ನ ನೋಡ್ಬೇಕು ಅಂತ ಯಾವಾಗ್ಲೂ ಅಂತಿರ್ತೀರಲ್ಲ," ಅಂದೆ.

ಅತ್ತೆ ನನ್ನ ಮುಖ ನೋಡಲಿಲ್ಲ. "ನಂಗೆ ಮಂಡಿ ನೋವಮ್ಮಾ. ನೀವು ಹೋಗ್ಬನ್ನಿ. ಮನೇಲಿ ಒಬ್ರು ಇರ್ಬೇಕು," ಎಂದು ಸಿಪ್ಪೆಯನ್ನು ಕಾಳಿನ ಬುಟ್ಟಿಗೂ ಕಾಳನ್ನು ಸಿಪ್ಪೆಯ ಮೊರಕ್ಕೂ ಹಾಕತೊಡಗಿದರು. ಹಿಂದಿನ ತಿಂಗಳಷ್ಟೇ ಇದೇ ಮಂಡಿ ಇಟ್ಟುಕೊಂಡು ಬೆಟ್ಟ ಹತ್ತಿ ದೇವಸ್ಥಾನಕ್ಕೆ ಹೋಗಿಬಂದವರು! ಓಹೋ, ಇವರಿಗೂ ಗೊತ್ತು ಅಂದುಕೊಂಡೆ. ಮಗ ಹೇಳಿದ್ದಾನೆ, ತಾಯಿ ಕಾವಲಿಗೆ ನಿಲ್ಲುತ್ತಾರೆ, ಮೊಮ್ಮಗಳು ರೂಮು ಬುಕ್ ಮಾಡುತ್ತಾಳೆ. ಇಡೀ ಮನೆ ಒಂದಾಗಿ ನನ್ನೊಬ್ಬಳ ಕಣ್ಣಿಗೆ ಮಣ್ಣೆರಚುತ್ತಿದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಶಾಲೆಯಲ್ಲಿ ಪಕ್ಕದ ಕುರ್ಚಿಯ ಮೇಡಂಗೆ ಹೇಳಿದರೆ ಅವರ ಅನುಮಾನವೇ ಬೇರೆ. "ವೈನ್ ಮಾಡೋ ಊರಾ? ನಿಮ್ಮನೆಯವ್ರು ಏನಾದ್ರೂ ಶುರು ಹಚ್ಕೊಂಡಿದಾರಾ ಮೇಡಂ? ಬಾಯಿ ವಾಸನೆ ನೋಡಿ," ಎಂದು ಪಿಸುಗುಟ್ಟಿದರು. ನೋಡಿದೆ, ನಾಚಿಕೆ ಬಿಟ್ಟು ನೋಡಿದೆ. ಎಲೆ ಅಡಿಕೆ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಕುಡಿತವಾಗಿದ್ದರೆ ಬೈದು ಬಿಡಿಸಬಹುದಿತ್ತು ಎಂದು ಬೇಸರವೇ ಆಯಿತು.

ಆ ಭಾನುವಾರ ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಬ್ಯಾಗು ಕೊಳ್ಳಲು ಹೋದೆವು. ಸಂತೆಯಲ್ಲಿ ಹಸಿಮೆಣಸಿನಕಾಯಿಗೂ ಚೌಕಾಶಿ ಮಾಡುವ ಗಂಡಸು, ಅಂಗಡಿಯವನು ಹೇಳಿದ ಬೆಲೆಗೆ ಗಾಲಿಯಿರುವ ಕೆಂಪು ಬ್ಯಾಗು ತೆಗೆದುಕೊಂಡರು. ಮೇಲಿಂದ, "ನಿಂಗೊಂದು ಸ್ವೆಟರ್ ತಗೊಳ್ಳೇ, ಅಲ್ಲಿ ಬೆಳಗ್ಗೆ ಚಳಿಯಂತೆ," ಅಂದರು. ಅಂಗಡಿಯವನಿಗೂ ಆಶ್ಚರ್ಯವಾಗಿ, "ಅಮ್ಮೋರು ಪುಣ್ಯವಂತ್ರು," ಅಂದ. ಪುಣ್ಯ ಅಂತೆ ಪುಣ್ಯ! ತಪ್ಪು ಮಾಡುವ ಗಂಡಸು ಬೆಣ್ಣೆ ಹಚ್ಚುವುದು ನನಗೆ ಗೊತ್ತಿಲ್ಲವೇ? ಸ್ವೆಟರ್ ಮಾತ್ರ ಬಿಡಲಿಲ್ಲ, ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿಕೊಂಡೆ.

ವಾಪಸು ಬಂದಾಗ ತೋಟದಲ್ಲಿ ಯಾರೋ ಗಂಡಸು ಓಡಾಡುತ್ತಿದ್ದ. ಕೈಯಲ್ಲೊಂದು ಕಲ್ಲು. ಆ ಕಲ್ಲಿನಿಂದ ಚಪ್ಪರದ ಕಂಬಗಳನ್ನು ಒಂದೊಂದಾಗಿ ಟಣ್ ಟಣ್ ಎಂದು ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಬಿರುಕು ಬಿಟ್ಟ ಕಂಬ ಬೇರೆ ಶಬ್ದ ಕೊಡುತ್ತದೆ. ಕಂಬ ಕೊಳ್ಳುವವನಲ್ಲದೆ ಬೇರೆ ಯಾರೂ ಹಾಗೆ ತಟ್ಟುವುದಿಲ್ಲ.

"ಯಾರಪ್ಪಾ ನೀನು?" ಎಂದು ಜೋರು ಮಾಡಿದೆ.

ಅವನು ನನ್ನ ಹಿಂದೆ ಇದ್ದ ಇವರ ಮುಖ ನೋಡಿದ. ಇವರು ಏನು ಸನ್ನೆ ಮಾಡಿದರೋ, "ನೀಳ್ಳು... ಅದೇ ಅಮ್ಮಾ, ಕುಡಿಯಕ್ಕೆ ನೀರು ಕೇಳಣ ಅಂತ ಬಂದೆ," ಅಂದ.

ನಾನು ದೊಡ್ಡ ಚೊಂಬಿನ ತುಂಬ ನೀರು ತಂದುಕೊಟ್ಟು ಎದುರಿಗೇ ನಿಂತೆ. ಪಾಪ, ಬಾಯಾರಿಕೆ ಇಲ್ಲದವನು ಅಷ್ಟೂ ನೀರನ್ನು ಕಷ್ಟಪಟ್ಟು ಕುಡಿದು, ಬೈಕು ಹತ್ತಿ ಹೋದ. ಇವರು ಮೋಟಾರ್ ನೋಡುವ ನೆಪದಲ್ಲಿ ಆ ಕಡೆ ಜಾರಿಕೊಂಡರು.

ಇಷ್ಟಾದ ಮೇಲೂ ಕೇಳಲಿಲ್ಲ ನಾನು. ಕೇಳಿದರೆ ಅವರು ಹೌದು ಅನ್ನುತ್ತಾರೆ, ಹೌದು ಅಂದ ಮೇಲೆ ಅದು ಆಗಿಯೇ ಹೋದಂತೆ. ಅದರ ಬದಲು ನನ್ನದೇ ಒಂದು ಉಪಾಯ ಮಾಡಿದೆ. ಕಟಿಂಗ್ ಆಗಿಬಿಟ್ಟರೆ ತೋಟ ಉಳಿಯಿತು ಅಂತಲೇ ಅರ್ಥ. ಕೂಲಿ ಕೊಟ್ಟು ಕತ್ತರಿಸಿದ ಬಳ್ಳಿಯನ್ನು ಯಾವ ರೈತನೂ ಕೀಳಿಸುವುದಿಲ್ಲ. ಪ್ರತಿಸಲ ದಿಬ್ಬೂರಹಳ್ಳಿ ಕಡೆಯಿಂದ ಕಟಿಂಗ್‌ಗೆ ಒಂದು ತಂಡ ಬರುತ್ತದೆ. ಆ ಮೇಸ್ತ್ರಿಗೆ ನಾನೇ ಫೋನ್ ಮಾಡಿದೆ. "ಅಣ್ಣ ಈ ಸಲ ಬೇಡ ಅಂದಿದ್ರಲ್ಲಕ್ಕಾ?" ಅಂದ. "ಅಣ್ಣ ಹೇಳಿದ್ದು ಹೋದ ವಾರ. ಅಕ್ಕ ಹೇಳ್ತಿರೋದು ಈ ವಾರ. ಹಬ್ಬದ ಮಾರನೇ ದಿನ ಬೆಳಗ್ಗೆ ಬನ್ನಿ," ಅಂದೆ.

ಬಂದರು. ನಾವು ನಾಸಿಕ್‌ಗೆ ಹೊರಡುವುದು ಅದರ ಮಾರನೆಯ ದಿನ. ಇವರು ಹಾಲು ಹಾಕಲು ಡೇರಿಗೆ ಹೋಗಿದ್ದರು. ನಮ್ಮಲ್ಲಿ ಕಟಿಂಗ್ ಶುರುವಾಗುವ ಮುನ್ನ ಗೇಟಿನ ಪಕ್ಕದ ಮೊದಲ ಬಳ್ಳಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಮನೆಯ ಹೆಂಗಸು ಮೊದಲ ಕಡ್ಡಿ ಕತ್ತರಿಸಬೇಕು. ಆಮೇಲೆಯೇ ಆಳುಗಳು ಕತ್ತರಿ ಮುಟ್ಟುವುದು. ಇಷ್ಟು ವರ್ಷವೂ ಅದು ಅತ್ತೆಯ ಹಕ್ಕು. ಕರೆದರೆ ಅತ್ತೆ ಜಗಲಿಯಿಂದ ಏಳಲೇ ಇಲ್ಲ. "ಎಂದುಕಮ್ಮಾ, ಯಾಕೆ ಈಗ? ಅವನು ಬರ್ಲಿ ತಾಳು," ಅಂದರು. ನಾನು ತಾಳಲಿಲ್ಲ. ಕುಂಕುಮ ಇಟ್ಟೆ, ಕಾಯಿ ಒಡೆದೆ, ಕತ್ತರಿ ಹಿಡಿದು ಮೊದಲ ಕಡ್ಡಿ ಕತ್ತರಿಸಿದೆ.

ಜೀವಂತ ಕಡ್ಡಿಯಾದರೆ ಕತ್ತರಿಸಿದ ಕಡೆ ಹಸಿರಿರುತ್ತದೆ, ಸ್ವಲ್ಪ ಹೊತ್ತಿಗೆ ನೀರು ಒಸರುತ್ತದೆ. ಇದು ಪಟಕ್ಕೆಂದು ಮುರಿಯಿತು. ಒಳಗೆ ಕಂದು ಬಣ್ಣ. ಕಡ್ಡಿ ಒಣಗಿರಬೇಕು ಎಂದು ಪಕ್ಕದ್ದನ್ನು ಕತ್ತರಿಸಿದೆ. ಅದೂ ಹಾಗೇ. ಕೆಳಗೆ, ಇನ್ನೂ ಕೆಳಗೆ, ದಪ್ಪ ಕೊಂಬೆಗೆ ಕತ್ತರಿ ಹಾಕಿದೆ. ಹಿಟ್ಟಿನಂಥ ಪುಡಿ ನನ್ನ ಕೈಮೇಲೆ ಸುರಿಯಿತು. ಬಳ್ಳಿಯ ಬುಡದಲ್ಲಿ ಅಲ್ಲಲ್ಲಿ ಮಣ್ಣು ಮೆತ್ತಿತ್ತು. ಕೆರೆದರೆ ಬೆರಳು ತೂರುವಷ್ಟು ತೂತು. ಕಾಂಡ ಕೊರೆಯುವ ಹುಳು. ಎರಡನೇ ಬಳ್ಳಿಗೆ ಹೋದೆ, ಮೂರನೆಯದಕ್ಕೆ ಹೋದೆ. ಈ ಸಾಲು ಮಾತ್ರ ಇರಬೇಕು ಎಂದು ಓಡಿಹೋಗಿ ನಡುವಿನ ಸಾಲು ಹಿಡಿದೆ. ಕಟಿಂಗ್‌ಗೆ ಮುಂಚೆ ನೀರು ನಿಲ್ಲಿಸಿ, ಎಲೆ ಉದುರಿ, ಯಾವ ತೋಟವಾದರೂ ಸತ್ತ ಹಾಗೆಯೇ ಕಾಣುತ್ತದೆ. ಅದಕ್ಕೇ ನನಗೆ ತಿಳಿದಿರಲಿಲ್ಲ. ಹೋದ ಬೆಳೆ ಕೈಕೊಟ್ಟಾಗ "ಮಳೆ ಜಾಸ್ತಿ ಆಯ್ತು ಕಣೇ" ಅಂದಿದ್ದರು. ಅವರ ಎಲ್ಲ ಮಾತನ್ನೂ ಅನುಮಾನಿಸಿದವಳು ಅದೊಂದನ್ನು ನಂಬಿಬಿಟ್ಟಿದ್ದೆ.

ಆಳುಗಳು ತಮ್ಮ ಕತ್ತರಿಗಳನ್ನು ಚೀಲಕ್ಕೆ ಸೇರಿಸತೊಡಗಿದ್ದರು. ನಾನು ಕತ್ತರಿಸುತ್ತಲೇ ಇದ್ದೆ. ಎಲ್ಲೋ ಒಂದೊಂದು ಹಸಿರು ಕಾಣುತ್ತಿತ್ತು, ಅದನ್ನು ನೋಡಿ ಮುಂದಿನ ಬಳ್ಳಿಗೆ ಇನ್ನೂ ಬೇಗ ಓಡುತ್ತಿದ್ದೆ. ಹಿಂದಿನಿಂದ "ಬೇಡ ಕಣೇ, ಬಿಡು, ಸಾಕು" ಎಂದು ಇವರ ದನಿ ಕೇಳಿಸಿತು. ಹಾಲಿನ ಕ್ಯಾನು ಇನ್ನೂ ಕೈಯಲ್ಲೇ ಇತ್ತು.

ನನಗೆ ಎಲ್ಲಿತ್ತೋ ಸಿಟ್ಟು. "ಸತ್ತೋಗಿದೆ ಅಂತ ಹೇಳಕ್ಕೆ ನಿಮಗೇನಾಗಿತ್ರೀ? ನನ್ನನ್ನ ಊರಾಚೆ ಸಾಗ್ಹಾಕಿ ಕೀಳ್ಸೋಣ ಅಂತ ತಾನೇ? ನಾನು ಅಳ್ತೀನಿ, ರಂಪ ಮಾಡ್ತೀನಿ ಅಂತ ತಾನೇ? ತಾಯಿ, ಮಗ, ಮಗಳು ಎಲ್ಲಾ ಸೇರ್ಕೊಂಡು ನಾಟಕ ಆಡ್ತೀರಾ?"

ಅವರು ಕ್ಯಾನು ಕೆಳಗಿಟ್ಟರು. ಕತ್ತರಿಗೆ ಕೈ ಹಾಕಿ ನನ್ನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡರು.

"ಅದು ನಿನಗೋಸ್ಕರ ಅಲ್ಲ ಕಣೇ," ಅಂದರು. "ನೀನು ತಡ್ಕೋತೀಯ. ಅತ್ತು, ನನ್ನ ಬೈದು, ಮಾರನೇ ದಿನ ಸ್ಕೂಲಿಗೆ ಹೋಗ್ತೀಯ. ನನ್ನ ಕೈಲಿ ನೋಡಕ್ಕಾಗಲ್ಲ. ಜೆಸಿಬಿ ಬರೋ ದಿನ ನಾನು ಇಲ್ಲಿರಬಾರ್ದು ಅಂತ ಮಗಳೇ ಈ ಊರು ಹುಡುಕಿದ್ದು. ಅಮ್ಮ ನಾನಿರ್ತೀನಿ ಅಂದ್ರು. ನಿಂಗೆ ಹೇಳಿದ್ರೆ, ನೀನು ಏನ್ರೀ ಹೆದರ್ಕೊಂಡು ಓಡೋಗ್ತೀರಾ ಅಂತಿದ್ದೆ. ಅದಕ್ಕೇ ಹೇಳ್ಲಿಲ್ಲ."

ಹೌದು, ಹಾಗೇ ಅನ್ನುತ್ತಿದ್ದೆ. ಅದೇ ಮಾತನ್ನೇ ಅನ್ನುತ್ತಿದ್ದೆ.

ಮೇಸ್ತ್ರಿ ಬಂದ ಖರ್ಚನ್ನೂ ತೆಗೆದುಕೊಳ್ಳದೆ ತಂಡ ಕರೆದುಕೊಂಡು ಹೊರಟುಹೋದ. ಇವರು ಅಲ್ಲೇ ಬದುವಿನ ಮೇಲೆ ಕೂತರು. ಎಷ್ಟು ತಿಂಗಳಿಂದ ಆ ತೂತುಗಳಿಗೆ ಔಷಧಿ ಸುರಿದು, ಮಣ್ಣು ಮೆತ್ತಿ, ನಾನು ಬಸ್ಸಿನಿಂದ ಇಳಿಯುವ ಹೊತ್ತಿಗೆ ಕೈತೊಳೆದು ಏನೂ ಆಗದವರಂತೆ ಕೂರುತ್ತಿದ್ದರೋ, ಅದನ್ನೆಲ್ಲ ಆಗ ಹೇಳಿದರು. ತೋಟಗಾರಿಕೆ ಓದಿದವರನ್ನು ಕರೆಸಿ ತೋರಿಸಿದ್ದರಂತೆ. ಒಂದೆರಡು ಸಾಲು ಉಳಿಸಿದರೆ ಅದಕ್ಕೂ ಹುಳು ಹತ್ತುತ್ತದೆ, ಬೇರು ಸಮೇತ ತೆಗೆದು ಸುಡಬೇಕು, ಸದ್ಯಕ್ಕೆ ರಾಗಿ ಚೆಲ್ಲಬೇಕು ಅಂದಿದ್ದರಂತೆ. ಹೇಳುತ್ತಾ ಹೇಳುತ್ತಾ ಕತ್ತರಿಯನ್ನು ಟವೆಲಿನಿಂದ ಒರೆಸಿ ಒರೆಸಿ ಇಟ್ಟರು. ನನಗೆ ಅಳು ಬಂತು. ಬಂದದ್ದು ಬಳ್ಳಿಗೋ ಇವರಿಗೋ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು, "ನೀವು ಹೋಗಿ. ಅತ್ತೇನ ಕರ್ಕೊಂಡ್ಹೋಗಿ. ಮಗಳು ಹೇಗೂ ಬರ್ತಾಳೆ. ನಾನಿರ್ತೀನಿ," ಅಂದೆ.

"ಒಬ್ಳೇನಾ?"

"ನಾನು ತಡ್ಕೋತೀನಿ ಅಂತ ನೀವೇ ಅಂದ್ರಲ್ಲ."

ಅತ್ತೆಯ ಮಂಡಿ ಆ ಕ್ಷಣವೇ ವಾಸಿಯಾಯಿತು. ಸಂಜೆಯೊಳಗೆ ಕೆಂಪು ಬ್ಯಾಗಿನಲ್ಲಿ ತಮ್ಮ ಸೀರೆ, ಗೋದಾವರಿಯ ನೀರಿಗೆ ಎರಡು ತಂಬಿಗೆ, ದಾರಿಗೆ ಹುರಿಗಾಳು ಎಲ್ಲ ತುಂಬಿ, ನನ್ನ ಹೊಸ ಸ್ವೆಟರನ್ನೂ ಕೇಳಿ ಹಾಕಿಕೊಂಡರು. ಮಾರನೆಯ ದಿನ ಮೂವರೂ ಹೊರಟರು. ಬಸ್ಸು ಬರುವವರೆಗೂ ಇವರು ತೋಟದ ಕಡೆ ತಿರುಗಿ ನೋಡಲಿಲ್ಲ. ಊರಿನವರು ಏನ್ ವಿಶೇಷ ಅಂದದ್ದಕ್ಕೆ, "ಅಮ್ಮನಿಗೆ ಗೋದಾವರಿ ತೋರ್ಸೋಣ ಅಂತ," ಅಂದರು. ಎಲ್ಲರಿಗೂ ಸಮಾಧಾನವಾಯಿತು.

ಜೆಸಿಬಿ ಅದರ ಮಾರನೆಯ ಬೆಳಗ್ಗೆ ಬಂತು. ಮೊದಲು ಕಂಬದವನು ಬಂದು ತಂತಿ ಬಿಚ್ಚಿ, ಒಳ್ಳೆಯ ಕಂಬಗಳನ್ನು ಟ್ರ್ಯಾಕ್ಟರಿಗೆ ಏರಿಸಿದ. ಈ ಸಲ ನೀರು ಕೊಡಲೇ ಎಂದು ಕೇಳಿದೆ, ಅವನು ನಾಚಿಕೊಂಡು ಬೇಡ ಅಂದ. ಆಮೇಲೆ ಯಂತ್ರ ಒಂದು ತುದಿಯಿಂದ ಶುರುಮಾಡಿತು. ನಾನು ಎಲ್ಲೂ ಕೂರಲಿಲ್ಲ. ಪ್ರತಿ ಬಳ್ಳಿ ಮೇಲೆ ಬರುವಾಗಲೂ ಅದರ ಎದುರಿಗೆ ನಿಂತಿದ್ದೆ. ಮನೆಯವರು ಯಾರಾದರೂ ನಿಂತಿರಬೇಕು ಅನ್ನಿಸಿತು. ಬೇರು ಮಣ್ಣು ಬಿಡುವಾಗ ಇಂಥದ್ದೊಂದು ಶಬ್ದ ಬರುತ್ತದೆ ಅಂತ ನನಗೆ ಅದುವರೆಗೆ ತಿಳಿದಿರಲಿಲ್ಲ.

ಅರ್ಧ ತೋಟ ಮುಗಿದಿರಬೇಕು, ಇವರ ಫೋನು ಬಂತು. ಗೋದಾವರಿ ಘಾಟಿನಲ್ಲಿ ಇದ್ದೇವೆ, ಅಮ್ಮ ಸ್ನಾನ ಮಾಡಿದರು, ರೂಮಿನ ಕಿಟಕಿಯಿಂದ ತೋಟ ಚೆನ್ನಾಗಿ ಕಾಣುತ್ತದೆ ಅಂದರು. ಇವರು ಆ ಕಿಟಕಿಯ ಪರದೆ ಎಳೆದೇ ಇಟ್ಟಿದ್ದರು ಎಂದು ಮಗಳು ಆಮೇಲೆ ಹೇಳಿದಳು.

"ಜೆಸಿಬಿ ಬಂತಾ?" ಎಂದು ಕೇಳಿದರು.

ಯಂತ್ರ ನನ್ನಿಂದ ಹತ್ತು ಮಾರು ದೂರದಲ್ಲಿ, ಮಗಳ ಜೋಲಿ ಕಟ್ಟುತ್ತಿದ್ದ ಕಡೆ ಅಗೆಯುತ್ತಿತ್ತು. ನಾನು ಫೋನಿನ ಮೇಲೆ ಸೆರಗು ಮುಚ್ಚಿದೆ.

"ಇಲ್ಲ ಕಣ್ರೀ. ಇವತ್ತು ಬರಲ್ವಂತೆ. ನೀವು ಊಟ ಮಾಡಿ."

"ಮತ್ತೆ ಅದೇನು ಶಬ್ದ?"

"ಪಕ್ಕದ ಸೈಟಲ್ಲಿ. ಯಾರೋ ಪಾಯ ತೆಗೀತಿದಾರೆ."

ಅಷ್ಟು ವರ್ಷ ಆ ಮಣ್ಣಿನಲ್ಲೇ ಇದ್ದವರಿಗೆ ಶಬ್ದ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಇರುತ್ತದೆಯೇ? ಕೇಳುತ್ತಾರೆ ಅಂದುಕೊಂಡೆ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

"ಹೌದಾ," ಅಂದರು ಅವರು. "ಸರಿ ಹಂಗಾದ್ರೆ, ಊಟ ಮಾಡ್ತೀನಿ."